ಪಟ್ಟಿ ಯಂತ್ರ ಕಟ್ಟಲಿ, ವಿವರಣೆ ಮನುಷ್ಯ ಬರೆಯಲಿ

ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಊರು, ಸರ್ವೆ ನಂಬರ್, ಹಿಸ್ಸಾ ಹೇಳಿದರೆ ಪಹಣಿ ಕೈಗೆ ಬರುತ್ತದೆ. ಕಾಲಂ 9ರಲ್ಲಿ ಯಾರ ಹೆಸರು, 11ರಲ್ಲಿ ಯಾವ ಬ್ಯಾಂಕಿನ ಸಾಲ, 12ರಲ್ಲಿ ಸಾಗುವಳಿ ಮತ್ತು ಬೆಳೆ ಎಂಬುದು ಈ ಭಾಗದ ರೈತರಿಗೆ ಬಾಯಿಪಾಠ. ಓದು ಬರಹ ಬಾರದವರು ಕೂಡ ‘ಕಾಲಂ ಒಂಬತ್ತರಲ್ಲಿ ನಮ್ಮಪ್ಪನ ಹೆಸರೇ ಇದೆ’ ಎಂದು ಖಚಿತವಾಗಿ ಹೇಳುತ್ತಾರೆ. ಆದರೆ ಆ ಹಾಳೆಯನ್ನು ಯಾರೂ ಕೂತು ಬರೆದಿಲ್ಲ. ಕಂದಾಯ ಇಲಾಖೆಯ ಕಂಪ್ಯೂಟರಿನಲ್ಲಿರುವ ಮೂಲ ದಾಖಲೆಯಿಂದ ಕೇಳಿದ ಕ್ಷಣದಲ್ಲಿ ಕೋಷ್ಟಕವಾಗಿ ಹುಟ್ಟಿಕೊಂಡ ಹಾಳೆ ಅದು.

ಕಾಲು ಶತಮಾನದ ಹಿಂದೆ ಹೀಗಿರಲಿಲ್ಲ. ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಬಳಿ ಇರುತ್ತಿತ್ತು. ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000 ಮಂದಿ. ನಕಲು ಬೇಕೆಂದರೆ ಅವರನ್ನು ಹುಡುಕಿಕೊಂಡು ಹೋಗಬೇಕು, ಅವರು ಪುಸ್ತಕ ನೋಡಿ ಕೈಯಲ್ಲಿ ಬರೆದುಕೊಡಬೇಕು. ಬರೆಯುವಾಗ ಒಂದು ಗುಂಟೆ ಆಚೀಚೆಯಾದರೆ, ಒಂದು ಹೆಸರು ಬಿಟ್ಟುಹೋದರೆ ಆ ತಪ್ಪೇ ಬ್ಯಾಂಕಿಗೂ ಕೋರ್ಟಿಗೂ ಹೋಗುತ್ತಿತ್ತು. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ಈ ಕೆಲಸಕ್ಕೆ ತಂತ್ರಾಂಶ ಕೊಟ್ಟದ್ದು ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಐಸಿ. 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಪಹಣಿ ಸಿಗುವಂತಾಯಿತು. ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸರ್ಕಾರ ಸಾರಿತು. ಈ ಯೋಜನೆಯ ಬಗ್ಗೆ ಆಡಳಿತದ ಪಾಠಗಳಲ್ಲಿ ಬೇಕಾದಷ್ಟು ಬರೆದಿದ್ದಾರೆ. ಅದರ ಎಲ್ಲಕ್ಕಿಂತ ದಿಟ್ಟ ನಿರ್ಧಾರ ಇದೇ ಆಗಿತ್ತು: ಮೂಲ ಒಂದೇ ಕಡೆ ಇರಬೇಕು, ಜನ ನೋಡುವ ಕೋಷ್ಟಕ ಅದರಿಂದಲೇ ಹುಟ್ಟಬೇಕು, ನಡುವೆ ಯಾರೂ ನಕಲು ಮಾಡಬಾರದು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಬಿಸಿಎ, ಬಿಇ ಓದಿ ಬೆಂಗಳೂರು ಸೇರಿದ ಹುಡುಗ ಹುಡುಗಿಯರು ದಿನವಿಡೀ ಮಾಡುವ ಕೆಲಸದಲ್ಲಿ ಮೂಲ ಮತ್ತು ನಕಲಿನ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಅವರು ಪ್ರೋಗ್ರಾಂ ಬರೆಯುವುದು ಕೋಡ್ ಎಡಿಟರ್ ಎಂಬ ತಂತ್ರಾಂಶದಲ್ಲಿ. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಷುವಲ್ ಸ್ಟುಡಿಯೋ ಕೋಡ್ ಇವತ್ತು ಬಹಳ ಮಂದಿ ಬಳಸುವ ಎಡಿಟರ್. ಅದು ಮೂಲ ಸೌಕರ್ಯಗಳೊಂದಿಗಷ್ಟೇ ಬರುತ್ತದೆ, ಬೇಕಾದ ಉಳಿದವನ್ನು ಎಕ್ಸ್‌ಟೆನ್ಷನ್‌ಗಳಾಗಿ ಸೇರಿಸಿಕೊಳ್ಳಬೇಕು. ಒಂದು ಎಕ್ಸ್‌ಟೆನ್ಷನ್ ತಪ್ಪು ಹುಡುಕುತ್ತದೆ, ಒಂದು ಬಣ್ಣ ಬದಲಿಸುತ್ತದೆ, ಇನ್ನೊಂದು ಸಾಲುಗಳನ್ನು ಒಪ್ಪ ಮಾಡುತ್ತದೆ. ಇವುಗಳನ್ನು ಯಾರು ಬೇಕಾದರೂ ಬರೆದು ಹಂಚಬಹುದು. ಒಬ್ಬರೇ ರಾತ್ರಿ ಹೊತ್ತು ಕೂತು ಬರೆದ ಎಕ್ಸ್‌ಟೆನ್ಷನ್ ಲಕ್ಷಾಂತರ ಮಂದಿಯ ಕಂಪ್ಯೂಟರ್ ಸೇರಿದ್ದೂ ಉಂಟು.

ಸಾಮಾನ್ಯವಾಗಿ ಪ್ರತಿ ಎಕ್ಸ್‌ಟೆನ್ಷನ್ ಜೊತೆಗೂ ರೀಡ್‌ಮಿ ಎಂಬ ಪುಟ ಇರುತ್ತದೆ. ಅದರ ಹೂರಣವೇ ಒಂದೆರಡು ಕೋಷ್ಟಕ: ಈ ಎಕ್ಸ್‌ಟೆನ್ಷನ್‌ನಲ್ಲಿ ಯಾವ ಸೆಟ್ಟಿಂಗ್‌ಗಳಿವೆ, ಪ್ರತಿಯೊಂದೂ ಯಾವ ಬಗೆಯದು, ಮುಟ್ಟದೆ ಬಿಟ್ಟರೆ ಏನಿರುತ್ತದೆ, ಅದರಿಂದ ಏನಾಗುತ್ತದೆ, ಯಾವ ಕಮಾಂಡ್‌ಗೆ ಯಾವ ಕೀಲಿ. ಬಳಸುವವರು ಮೊದಲು ನೋಡುವುದೂ ಸಿಟ್ಟು ಬಂದಾಗ ಹುಡುಕುವುದೂ ಈ ಕೋಷ್ಟಕವನ್ನೇ.

ಇದನ್ನು ಇವತ್ತಿಗೂ ಕೈಯಲ್ಲೇ ಬರೆಯುವವರಿದ್ದಾರೆ.

ಅದರಿಂದ ಆಗುವ ತೊಂದರೆ ಸಣ್ಣದಾಗಿ ಶುರುವಾಗುತ್ತದೆ. ಕನ್ನಡ ಕಾಗುಣಿತ ನೋಡುವ ಒಂದು ಎಕ್ಸ್‌ಟೆನ್ಷನ್ ಇದೆ ಎಂದುಕೊಳ್ಳೋಣ. ‘ಫೈಲ್ ಉಳಿಸುವಾಗಲೇ ಕಾಗುಣಿತ ನೋಡು’ ಎಂಬ ಸೆಟ್ಟಿಂಗ್ ಮೊದಲ ಆವೃತ್ತಿಯಲ್ಲಿ ‘ಹೌದು’ ಎಂದಿತ್ತು, ರೀಡ್‌ಮಿಯಲ್ಲೂ ಹಾಗೇ ಬರೆದರು. ದೊಡ್ಡ ಫೈಲ್‌ಗಳಲ್ಲಿ ಎಡಿಟರ್ ನಿಧಾನವಾಗುತ್ತದೆ ಎಂದು ದೂರು ಬಂದ ಮೇಲೆ ಕೋಡ್‌ನಲ್ಲಿ ಅದನ್ನು ‘ಇಲ್ಲ’ ಮಾಡಿದರು. ರೀಡ್‌ಮಿ ತಿದ್ದುವುದು ಮರೆತುಹೋಯಿತು. ಮುಂದಿನ ತಿಂಗಳು ಅದನ್ನು ಹಾಕಿಕೊಂಡ ಪತ್ರಿಕಾ ಕಚೇರಿಯ ಉಪಸಂಪಾದಕರೊಬ್ಬರು ಕೋಷ್ಟಕವನ್ನು ನಂಬುತ್ತಾರೆ. ಉಳಿಸಿದಾಗ ಕೆಂಪು ಗೆರೆ ಕಾಣಲಿಲ್ಲ, ಅಂದರೆ ತಪ್ಪಿಲ್ಲ ಎಂದುಕೊಂಡು ಪುಟವನ್ನು ಮುದ್ರಣಕ್ಕೆ ಕಳಿಸುತ್ತಾರೆ. ಕೋಡ್ ಸರಿಯಾಗಿದೆ, ಓದಿದವರೂ ಸರಿಯಾಗಿಯೇ ಓದಿದ್ದಾರೆ, ನಡುವಿನ ನಕಲು ಮಾತ್ರ ಹಳತು. ನಾಲ್ಕು ಸೆಟ್ಟಿಂಗ್ ಇದ್ದಾಗ ಇದನ್ನು ನೆನಪಿನ ಬಲದಲ್ಲಿ ನಿಭಾಯಿಸಬಹುದು. ನೂರು ದಾಟಿದ ಮೇಲೆ ಯಾರ ನೆನಪೂ ಸಾಲದು.

ಪರಿಹಾರ ಕಷ್ಟದ್ದಲ್ಲ, ದುಡ್ಡಿನದ್ದೂ ಅಲ್ಲ. ವಿಷುವಲ್ ಸ್ಟುಡಿಯೋ ಕೋಡ್‌ನ ಪ್ರತಿ ಎಕ್ಸ್‌ಟೆನ್ಷನ್‌ನಲ್ಲೂ ಪ್ಯಾಕೇಜ್ ಡಾಟ್ ಜೇಸನ್ ಎಂಬ ಫೈಲ್ ಇರಲೇಬೇಕು. ಅದರ ‘ಕಾಂಟ್ರಿಬ್ಯೂಟ್ಸ್’ ಎಂಬ ಭಾಗದಲ್ಲಿ ಪ್ರತಿ ಸೆಟ್ಟಿಂಗ್‌ನ ಹೆಸರು, ಬಗೆ, ಡಿಫಾಲ್ಟ್ (ಮುಟ್ಟದೆ ಬಿಟ್ಟರೆ ಇರುವ) ಬೆಲೆ, ವಿವರಣೆ ಎಲ್ಲವೂ ಇರುತ್ತವೆ. ಎಡಿಟರ್ ಓದುವುದು ಅದನ್ನೇ, ಆದ್ದರಿಂದ ಅದು ಸುಳ್ಳು ಹೇಳಲಾರದು. ರೀಡ್‌ಮಿಯಲ್ಲಿ ಕೋಷ್ಟಕ ಬರಬೇಕಾದ ಜಾಗದ ಮೇಲೆ ಕೆಳಗೆ ಎರಡು ಗುರುತು ಹಾಕುತ್ತಾರೆ, ಓದುಗರಿಗೆ ಅವು ಕಾಣುವುದಿಲ್ಲ. ಒಂದು ಪುಟ್ಟ ಸ್ಕ್ರಿಪ್ಟ್ ಆ ಫೈಲ್ ಓದಿ, ಸಾಲು ಸಾಲಾಗಿ ಕೋಷ್ಟಕ ಕಟ್ಟಿ, ಎರಡು ಗುರುತುಗಳ ನಡುವೆ ಇಡುತ್ತದೆ. ಗುರುತಿನ ಹೊರಗೆ ಬರೆದದ್ದನ್ನು ಮುಟ್ಟುವುದಿಲ್ಲ. ಹೊಸ ಆವೃತ್ತಿ ಹೊರಡುವ ಮುನ್ನ ಇನ್ನೊಂದು ಪರೀಕ್ಷೆ: ಸ್ಕ್ರಿಪ್ಟ್ ಮತ್ತೆ ಓಡಿಸಿದಾಗ ರೀಡ್‌ಮಿ ಬದಲಾದರೆ ಯಾರೋ ಮೂಲವನ್ನು ತಿದ್ದಿ ಕೋಷ್ಟಕವನ್ನು ಬಿಟ್ಟಿದ್ದಾರೆ ಎಂದರ್ಥ, ಬಿಡುಗಡೆ ಅಲ್ಲಿಗೇ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ಕಲಿತ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಬರೆಯಬಹುದಾದ ಕೆಲಸ. ಸಿದ್ಧ ಸಲಕರಣೆಗಳೂ ಸಿಗುತ್ತವೆ.

ದೊಡ್ಡ ಯೋಜನೆಗಳು ಈ ದಾರಿ ಹಿಡಿದು ವರ್ಷಗಳಾದವು. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ರಸ್ಟ್ ಅನಲೈಜರ್ ಎಂಬ ಓಪನ್ ಸೋರ್ಸ್ ನೆರವಿನ ತಂತ್ರಾಂಶವಿದೆ. ಅದರ ಸೆಟ್ಟಿಂಗ್‌ಗಳೆಲ್ಲ ಒಂದೇ ರಸ್ಟ್ ಫೈಲಿನಲ್ಲಿ, ವಿವರಣೆ ಮತ್ತು ಡಿಫಾಲ್ಟ್ ಸಮೇತ ಬರೆಯಲ್ಪಟ್ಟಿವೆ. ಅಲ್ಲಿಂದಲೇ ಎಡಿಟರ್‌ಗೆ ಬೇಕಾದ ಪ್ಯಾಕೇಜ್ ಫೈಲಿನ ಭಾಗವೂ ಹುಟ್ಟುತ್ತದೆ, ಕೈಪಿಡಿಯ ಪುಟವೂ ಹುಟ್ಟುತ್ತದೆ. ಎರಡರಲ್ಲಿ ಯಾವುದು ಹೊಂದದಿದ್ದರೂ ಪರೀಕ್ಷೆ ಫೇಲ್. ಇನ್ನೂ ಹಿಂದೆ ಹೋದರೆ, 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೆಳೆಯರು ಕಟ್ಟಿದ ಈಮ್ಯಾಕ್ಸ್ ಎಡಿಟರ್ ತನ್ನ ಕೈಪಿಡಿಯನ್ನು ತಾನೇ ಹೊತ್ತುಕೊಂಡಿತ್ತು. ಪ್ರತಿ ಕಮಾಂಡ್‌ನ ವಿವರಣೆ ಆ ಕಮಾಂಡ್‌ನೊಳಗೇ ಇರುತ್ತದೆ. ಈಗ ಯಾವ ಕೀಲಿ ಏನು ಮಾಡುತ್ತದೆ ಎಂದು ಕೇಳಿದರೆ ಆ ಗಳಿಗೆಯ ಸ್ಥಿತಿ ನೋಡಿ ಕೋಷ್ಟಕ ಕಟ್ಟಿಕೊಡುತ್ತದೆ. ಬಳಸುವವರು ತಾವೇ ಬದಲಿಸಿಕೊಂಡ ಕೀಲಿಗಳೂ ಅದರಲ್ಲಿ ಬರುತ್ತವೆ. ಸುಮಾರು 50 ವರ್ಷದ ಹಿಂದೆಯೇ ಬಗೆಹರಿದ ವಿಷಯವನ್ನು ಇವತ್ತು ಕೈಬರಹದಲ್ಲಿ ಮಾಡಿ ತಪ್ಪುವುದಕ್ಕೆ ಸಮರ್ಥನೆ ಸಿಗದು.

ವಿಷುವಲ್ ಸ್ಟುಡಿಯೋ ಕೋಡ್ ಕೂಡ ತನ್ನೊಳಗಿನ ಎಕ್ಸ್‌ಟೆನ್ಷನ್ ಪುಟದಲ್ಲಿ ಸೆಟ್ಟಿಂಗ್, ಕಮಾಂಡ್‌ಗಳ ಪಟ್ಟಿಯನ್ನು ತಾನೇ ಕಟ್ಟಿ ತೋರಿಸುತ್ತದೆ. ಹಾಗಿದ್ದರೆ ರೀಡ್‌ಮಿಯಲ್ಲಿ ಮತ್ತೆ ಯಾಕೆ ಎಂದು ಕೇಳುವವರಿದ್ದಾರೆ. ಓದುಗರೆಲ್ಲ ಎಡಿಟರ್‌ನೊಳಗೇ ಇರುವುದಿಲ್ಲ. ಹಾಕಿಕೊಳ್ಳಬೇಕೋ ಬೇಡವೋ ಎಂದು ಫೋನಿನಲ್ಲಿ ಓದಿ ನೋಡುವವರು, ಕಚೇರಿಯಲ್ಲಿ ಅನುಮತಿ ಕೊಡಬೇಕಾದವರು, ಪಾಠ ಮಾಡುವ ಮೇಷ್ಟ್ರು, ಇವರಿಗೆಲ್ಲ ಹೊರಗಿನ ಪುಟವೇ ಆಧಾರ.

ಇಷ್ಟಕ್ಕೇ ಮಾತು ಮುಗಿದಿದ್ದರೆ ಇದು ತಂತ್ರಜ್ಞರ ಒಳಮಾತಾಗುತ್ತಿತ್ತು. ಯಂತ್ರ ಕಟ್ಟಿದ ಕೋಷ್ಟಕ ಎಷ್ಟು ಅಂದವಾಗಿ ಕಾಣುತ್ತದೆಂದರೆ ಅದರೊಳಗಿನ ಬಡತನ ಕಣ್ಣಿಗೆ ಬೀಳುವುದಿಲ್ಲ, ಚಿಂತೆ ಮಾಡಬೇಕಾದದ್ದು ಅದಕ್ಕೆ. ಎಕ್ಸ್‌ಟೆನ್ಷನ್‌ಗಳ ಕೋಷ್ಟಕ ತೆರೆದು ನೋಡಿ. ಹೆಸರಿನ ಕಾಲಂನಲ್ಲಿ ‘ವಿಳಂಬ’, ವಿವರಣೆಯ ಕಾಲಂನಲ್ಲಿ ‘ವಿಳಂಬವನ್ನು ನಿಗದಿಪಡಿಸುತ್ತದೆ’. ಡಿಫಾಲ್ಟ್ 500. ಐನೂರು ಏನು? ಸೆಕೆಂಡೋ, ಮಿಲಿಸೆಕೆಂಡೋ? ಕಡಿಮೆ ಮಾಡಿದರೆ ಏನು ಕೆಡುತ್ತದೆ? ಕೋಷ್ಟಕದಲ್ಲಿ ಒಂದು ಕೋಶವೂ ಖಾಲಿಯಿಲ್ಲ, ಓದಿದವರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಬರೆದವರು ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಂಡಿದ್ದಾರೆ. ನಕಲು ಮಾಡುವ ಶ್ರಮ ಉಳಿಯಿತಲ್ಲ, ಆ ಉಳಿದ ಹೊತ್ತನ್ನು ವಿವರಣೆಗೆ ಕೊಡುವುದು ಅವರ ಕರ್ತವ್ಯವಾಗಿತ್ತು.

ಪಹಣಿಯಲ್ಲಿ ಈ ಪಾಠ ಇನ್ನೂ ಕಠಿಣವಾಗಿ ಸಿಗುತ್ತದೆ. ಜಮೀನು ಮಾರಾಟವಾದರೆ ಉಪನೋಂದಣಿ ಕಚೇರಿಯ ಕಾವೇರಿ ತಂತ್ರಾಂಶದಿಂದ ಜೆ ಸ್ಲಿಪ್ ಎಂಬ ಸೂಚನೆ ತಾನಾಗಿಯೇ ಭೂಮಿಗೆ ಹೋಗುತ್ತದೆ, ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆ, ಶುರುವಾಗುತ್ತದೆ. ಮನೆಯ ಯಜಮಾನ ತೀರಿಕೊಂಡರೆ ಹಾಗೆ ತಾನಾಗಿ ಏನೂ ಆಗುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆಗೆ ಅರ್ಜಿ ಹಾಕಬೇಕು. ಅಣ್ಣತಮ್ಮಂದಿರು ಒಪ್ಪಬೇಕು, ಗಂಡನ ಮನೆಗೆ ಹೋದ ಅಕ್ಕತಂಗಿಯರ ಹೆಸರೂ ಬರಬೇಕು. ಇದೆಲ್ಲ ತಲೆನೋವೆಂದು ಬಿಟ್ಟವರ ಸಂಖ್ಯೆ ದೊಡ್ಡದು. ಹಾಗಾಗಿ ತೀರಿಹೋದ ಅಜ್ಜನ ಹೆಸರು ಇವತ್ತು ಬೆಳಿಗ್ಗೆ ತೆಗೆದ ಪಹಣಿಯಲ್ಲೂ ಸ್ಪಷ್ಟವಾಗಿ ಅಚ್ಚಾಗಿ ಬರುತ್ತದೆ. ಬೆಳೆ ಸಾಲ, ಪರಿಹಾರ, ಭದ್ರಾ ಮೇಲ್ದಂಡೆ ಕಾಲುವೆಗೆ ಜಮೀನು ಬಿಟ್ಟುಕೊಟ್ಟವರ ಹಣ, ಎಲ್ಲದಕ್ಕೂ ಆ ಹೆಸರು ಅಡ್ಡ ಬರುತ್ತದೆ. ಕಂಪ್ಯೂಟರಿಗೆ ಏರಿಸುವಾಗಲೇ ಕೈಬರಹದ ಪುಸ್ತಕದಿಂದ ಬಂದ ಹಳೆಯ ತಪ್ಪುಗಳದ್ದು ಇನ್ನೊಂದು ಕತೆ. ಅವನ್ನು ತಿದ್ದಲೆಂದೇ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಮುದ್ರಣ ತಾನೇ ಆಗುವ ವ್ಯವಸ್ಥೆಯಲ್ಲಿ ಮೂಲವನ್ನು ತಿದ್ದುವ ದಾರಿ ಸುಗಮವಾಗಿಲ್ಲದಿದ್ದರೆ ತಪ್ಪಿಗೆ ಸರ್ಕಾರಿ ಮೊಹರು ಬಿದ್ದಂತೆ.

ಕೋಷ್ಟಕದ ಮೊದಲ ಕಾಲಂ, ಅಂದರೆ ಹೆಸರು ಅಥವಾ ನಂಬರ್, ಅದರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇದಕ್ಕೆ ಈ ನೆಲದಲ್ಲೇ ಒಳ್ಳೆಯ ಉದಾಹರಣೆ ಇದೆ. ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಬಿ.ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ನಂಬರ್ ಕೊಟ್ಟು ಪ್ರಕಟಿಸಿದರು. ಅಮೃತಾಪುರದ ಅಮೃತೇಶ್ವರ ದೇವಾಲಯದಲ್ಲಿರುವ, ಕವಿ ಜನ್ನ ರಚಿಸಿದ ಶಾಸನವನ್ನು ವಿದ್ವಾಂಸರು ‘ತರೀಕೆರೆ 45’ ಎಂದೇ ಉಲ್ಲೇಖಿಸುತ್ತ ಬಂದಿದ್ದಾರೆ. ಜಿಲ್ಲೆಯ ಹೆಸರು ಬದಲಾಯಿತು, ಆ ಗುರುತು ಬದಲಾಗಲಿಲ್ಲ. ನೂರು ವರ್ಷದ ಹಿಂದಿನ ಲೇಖನದ ಅಡಿಟಿಪ್ಪಣಿ ಹಿಡಿದು ಹೋದರೂ ಅದೇ ಕಲ್ಲಿನ ಮುಂದೆ ನಿಲ್ಲಬಹುದು.

ಹೆಸರು ಬದಲಾದಾಗ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. 2017ರ ಬಜೆಟ್‌ನಲ್ಲಿ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ಅಲ್ಲಿಯವರೆಗೆ ತರೀಕೆರೆಗೆ ಸೇರಿದ್ದ ಹಳ್ಳಿಗಳ ಪಹಣಿಯ ತಲೆಬರಹದಲ್ಲಿ ತಾಲ್ಲೂಕಿನ ಹೆಸರು ಬದಲಾಗಬೇಕಾಯಿತು. ಕೈಬರಹದ ಕಾಲವಾಗಿದ್ದರೆ ಪುಸ್ತಕ ಪುಸ್ತಕ ತೆಗೆದು ಹೊಡೆದುಹಾಕಿ ಬರೆಯಬೇಕಿತ್ತು. ಹಳ್ಳಿ ಯಾವ ತಾಲ್ಲೂಕಿನದು ಎಂಬುದು ಒಂದೇ ಕಡೆ ದಾಖಲಾಗಿದ್ದರೆ ಅಲ್ಲಿ ತಿದ್ದಿದರೆ ಸಾಕು, ಮುಂದಿನ ಮುದ್ರಣಗಳೆಲ್ಲ ಸರಿಯಾಗುತ್ತವೆ. ಹಳ್ಳಿಯವರ ಬ್ಯಾಗಿನಲ್ಲಿರುವ ಹಳೆಯ ಸಾಲಪತ್ರ, ಕೋರ್ಟು ಕಾಗದ, ಕ್ರಯಪತ್ರಗಳಲ್ಲಿ ಮಾತ್ರ ‘ತರೀಕೆರೆ ತಾಲ್ಲೂಕು’ ಎಂದೇ ಇರುತ್ತದೆ. ಹಳೆಯ ಹೆಸರಿನಿಂದ ಹೊಸ ಹೆಸರಿಗೆ ದಾರಿ ತೋರಿಸುವ ಸಾಲು ಕೋಷ್ಟಕದಲ್ಲಿ ಉಳಿಯಬೇಕು.

ಎಕ್ಸ್‌ಟೆನ್ಷನ್ ಬರೆಯುವವರು ಇದನ್ನು ಮರೆಯುತ್ತಾರೆ. ಹೊಸ ಆವೃತ್ತಿಯಲ್ಲಿ ಸೆಟ್ಟಿಂಗ್‌ನ ಹೆಸರು ಇನ್ನೂ ಚೆನ್ನಾಗಿರಲಿ ಎಂದು ಬದಲಿಸುತ್ತಾರೆ, ಕೋಷ್ಟಕದಲ್ಲಿ ಹೊಸದು ಬರುತ್ತದೆ, ಹಳೆಯದು ಸದ್ದಿಲ್ಲದೆ ಮಾಯವಾಗುತ್ತದೆ. ಹಳೆಯ ಹೆಸರನ್ನು ತಮ್ಮ ಫೈಲಿನಲ್ಲಿ ಬರೆದುಕೊಂಡವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಹಳೆಯ ಸೆಟ್ಟಿಂಗ್ ಅನ್ನು ಉಳಿಸಿ, ‘ಇದು ಬಳಕೆಯಲ್ಲಿಲ್ಲ, ಬದಲಿಗೆ ಇದನ್ನು ಬಳಸಿ’ ಎಂದು ಹೇಳುವ ಸೌಲಭ್ಯ ವಿಷುವಲ್ ಸ್ಟುಡಿಯೋ ಕೋಡ್‌ನಲ್ಲಿ ಇದ್ದೇ ಇದೆ. ಕೋಷ್ಟಕ ಕಟ್ಟುವ ಸ್ಕ್ರಿಪ್ಟ್ ಆ ಸಾಲುಗಳನ್ನೂ ಪ್ರತ್ಯೇಕವಾಗಿ ತೋರಿಸಬೇಕು.

ಈಗ ಭಾಷೆಯ ಮಾತು. ಭೂಮಿಯ ಪಹಣಿ ಮೊದಲ ದಿನದಿಂದ ಕನ್ನಡದಲ್ಲಿ ಬಂತು. ಯಂತ್ರ ಕಟ್ಟುವ ಕೋಷ್ಟಕ ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಕೋಟಿಗಟ್ಟಲೆ ಹಾಳೆಗಳ ಸಾಕ್ಷಿ ಇದೆ. ಹಾಗಿದ್ದೂ ಕನ್ನಡಿಗರೇ ಬರೆದ, ಕನ್ನಡಿಗರೇ ಬಳಸುವ ತಂತ್ರಾಂಶಗಳ ಕೈಪಿಡಿ ಕನ್ನಡದಲ್ಲಿ ಸಿಗುವುದು ಅಪರೂಪ. ಕಾರಣ ಕೇಳಿದರೆ ‘ಎರಡು ಭಾಷೆಯಲ್ಲಿ ಯಾರು ತಿದ್ದುತ್ತ ಕೂರುತ್ತಾರೆ’ ಎಂಬ ಉತ್ತರ ಬರುತ್ತದೆ. ಕೈಬರಹದ ಕೋಷ್ಟಕವಾದರೆ ಆ ಮಾತು ನಿಜ. ಮೂಲದಿಂದ ಹುಟ್ಟುವ ಕೋಷ್ಟಕವಾದರೆ ಆ ನೆಪ ನಿಲ್ಲುವುದಿಲ್ಲ. ಎಕ್ಸ್‌ಟೆನ್ಷನ್‌ನ ವಿವರಣೆಗಳನ್ನು ಭಾಷೆಗೊಂದರಂತೆ ಬೇರೆ ಬೇರೆ ಫೈಲಿನಲ್ಲಿ ಇಡುವ ವ್ಯವಸ್ಥೆ ಈಗಾಗಲೇ ಇದೆ. ಕನ್ನಡದ ಫೈಲೊಂದನ್ನು ಜೊತೆಗಿಟ್ಟರೆ ಅದೇ ಸ್ಕ್ರಿಪ್ಟ್ ಎರಡು ಕೋಷ್ಟಕ ಕಟ್ಟುತ್ತದೆ. ಬೆಲೆಗಳು, ಬಗೆಗಳು ಎರಡರಲ್ಲೂ ಒಂದೇ, ಮಾತು ಮಾತ್ರ ಬೇರೆ. ಹೊಸ ಸೆಟ್ಟಿಂಗ್ ಬಂದು ಕನ್ನಡ ಇನ್ನೂ ಬರೆದಿಲ್ಲವಾದರೆ ಆ ಕೋಶದಲ್ಲಿ ‘ಕನ್ನಡ ವಿವರಣೆ ಬಾಕಿ’ ಎಂದು ಬರಲಿ. ಬಾಕಿ ಕಣ್ಣಿಗೆ ಕಂಡರೆ ಯಾರಾದರೂ ತುಂಬಿಸುತ್ತಾರೆ. ದೊಡ್ಡ ಪ್ರೋಗ್ರಾಂ ಬರೆಯಲು ಇನ್ನೂ ಹಿಂಜರಿಯುವ ವಿದ್ಯಾರ್ಥಿಗೆ ಓಪನ್ ಸೋರ್ಸ್ ಲೋಕಕ್ಕೆ ಕಾಲಿಡಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ: ಒಂದು ಸಾಲು, ಒಂದು ಕೋಶ, ಚೆನ್ನಾಗಿ ಅರ್ಥವಾಗುವ ಕನ್ನಡ.

ಇದನ್ನೂ ಎಐ ಬರೆಯುತ್ತದಲ್ಲ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಕೋಡ್ ಓದಿ ವಾಕ್ಯ ಹೊಸೆಯಲು ಅದಕ್ಕೆ ಬರುತ್ತದೆ, ಕರಡಿಗೆ ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ಡಿಫಾಲ್ಟ್ 500 ಯಾಕಾಯಿತು, 200 ಇಟ್ಟಾಗ ಯಾರ ಹಳೆಯ ಲ್ಯಾಪ್‌ಟಾಪ್ ನಿಂತುಹೋಯಿತು ಎಂಬುದು ಕೋಡ್‌ನಲ್ಲಿ ಬರೆದಿರುವುದಿಲ್ಲ. ಅದು ಆ ದೂರನ್ನು ಓದಿ ಬೆಲೆ ಬದಲಿಸಿದವರ ತಲೆಯಲ್ಲಿರುತ್ತದೆ. ಬದಲಿಸಿದ ದಿನವೇ ಅವರು ವಿವರಣೆಯಲ್ಲಿ ಒಂದು ವಾಕ್ಯ ಬರೆದಿಟ್ಟರೆ ಮುಂದಿನ ಎಲ್ಲ ಕೋಷ್ಟಕಗಳಿಗೂ ಅದು ಸಿಗುತ್ತದೆ. ಬರೆಯದಿದ್ದರೆ ಯಂತ್ರ ಊಹೆ ಮಾಡುತ್ತದೆ, ಊಹೆ ಕೂಡ ಅದೇ ಅಂದದ ಕೋಶದಲ್ಲಿ ಕೂರುತ್ತದೆ.

ಸರ್ಕಾರದ ತಂತ್ರಾಂಶಗಳಿಗೂ ಇದೇ ಕಟ್ಟುನಿಟ್ಟು ಬೇಕು. ಪಹಣಿಯ ಕಾಲಂಗಳು ಜನರಿಗೆ ಬಾಯಿಪಾಠವಾದರೂ ಪ್ರತಿ ಕಾಲಂಗೆ ಮಾಹಿತಿ ಎಲ್ಲಿಂದ ಬರುತ್ತದೆ, ಯಾರು ಬದಲಿಸಬಹುದು, ತಪ್ಪಾದರೆ ಎಲ್ಲಿ ಹೇಳಬೇಕು ಎಂಬುದು ಬಾಯಿಪಾಠವಾಗಿಲ್ಲ. ಅದಕ್ಕಾಗಿಯೇ ತಾಲ್ಲೂಕು ಕಚೇರಿಯ ಸುತ್ತ ಅರ್ಜಿ ಬರೆದುಕೊಡುವವರ ಮೇಜುಗಳು ಇನ್ನೂ ಇವೆ. ಭೂಮಿ, ಕಾವೇರಿ, ರೈತರ ನೋಂದಣಿಯ ಫ್ರೂಟ್ಸ್, ಬೆಳೆ ಸಮೀಕ್ಷೆ ಇವು ಒಂದಕ್ಕೊಂದು ಮಾಹಿತಿ ಕೊಟ್ಟುಕೊಳ್ಳುವ ವ್ಯವಸ್ಥೆಗಳು. ಯಾವ ಕಾಲಂ ಯಾವ ಮೂಲದಿಂದ ಎಂಬ ವಿವರ ಆ ತಂತ್ರಾಂಶಗಳ ಒಳಗೇ ಇರಲೇಬೇಕು, ಇಲ್ಲದೆ ಅವು ಕೆಲಸ ಮಾಡಲಾರವು. ಅಲ್ಲಿಂದಲೇ ಒಂದು ಕನ್ನಡ ಕೋಷ್ಟಕ ಹುಟ್ಟಿಸಿ, ಕೊನೆಯ ಬಾರಿ ಬದಲಾದ ದಿನಾಂಕ ಸಮೇತ ಎಲ್ಲರೂ ನೋಡುವಂತೆ ಇಡಲಿ. ನಿಯಮ ಬದಲಾದ ದಿನವೇ ಕೋಷ್ಟಕವೂ ಬದಲಾಗುತ್ತದೆ.

ಅಜ್ಜಂಪುರ ತಾಲ್ಲೂಕಿನ ಶಿವನಿ ಕಡೆಯ ಈರುಳ್ಳಿ ಬೆಳೆಗಾರರಿಗೆ ಇದರಿಂದ ಏನು ಸಿಗುತ್ತದೆ ಎಂದು ನೋಡಬಹುದು. ವಿಮೆ ಕಟ್ಟಿದ್ದು ಈರುಳ್ಳಿಗೆ, ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಆ ಸರ್ವೆ ನಂಬರ್‌ಗೆ ದಾಖಲಾದದ್ದು ಬೇರೆ ಬೆಳೆ. ಎರಡೂ ಹೊಂದದಿದ್ದರೆ ಪರಿಹಾರದ ಅರ್ಜಿ ನಿಲ್ಲುತ್ತದೆ. ಅವರು ಪಹಣಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಾರೆ, ಅಲ್ಲಿಂದ ಕೃಷಿ ಇಲಾಖೆಗೆ, ಅಲ್ಲಿಂದ ತೋಟಗಾರಿಕೆಗೆ. ಬೇಕಾಗಿರುವುದು ಒಂದೇ ಸಾಲು: ‘ಬೆಳೆಯ ಹೆಸರು; ಮೂಲ: ಬೆಳೆ ಸಮೀಕ್ಷೆ; ದಾಖಲಿಸುವವರು: ರೈತ ಅಥವಾ ಸಮೀಕ್ಷೆಗೆ ನೇಮಿಸಿದವರು; ಆಕ್ಷೇಪಣೆ: ಬೆಳೆ ದರ್ಶಕ ಆ್ಯಪ್‌ನಲ್ಲಿ’. ಜೊತೆಗೆ ಆ ಹಂಗಾಮಿನಲ್ಲಿ ಆಕ್ಷೇಪಣೆಗೆ ಕೊನೆಯ ದಿನ. ಪಹಣಿಯ ಹಿಂಬದಿ ಹೇಗೂ ಖಾಲಿ ಇದೆ, ಈ ಸಾಲುಗಳನ್ನು ಅಲ್ಲೇ ಅಚ್ಚು ಹಾಕಬಹುದು.